ಬೀಡಿ ಸೇದುವ ತಂದೆಗೆ ಬೀಟಾ ಕ್ಯಾರೊಟಿನ್ ಮಾತ್ರೆ ಬೇಡ

ಚರ್ಮದ ಕ್ಯಾನ್ಸರ್ ತಡೆಯುತ್ತವೆ ಎನ್ನಲಾಗುವ ಆ್ಯಂಟಿಆಕ್ಸಿಡೆಂಟ್ (ಆಕ್ಸಿಡೀಕರಣದಿಂದ ಕೋಶಗಳಿಗೆ ಆಗುವ ಹಾನಿಯನ್ನು ತಡೆಯುವ ವಸ್ತು) ಮಾತ್ರೆಗಳ ಬಗ್ಗೆ ಈ ಅಂಕಣಕ್ಕೆ ಪತ್ರಗಳು ಬರುತ್ತಲೇ ಇವೆ. ಹಿಂದೆ ಚುಟುಕಾಗಿ ಕೊಟ್ಟ ಉತ್ತರಗಳು ಯಾರಿಗೂ ನಾಟಿದಂತಿಲ್ಲ. ಆದ್ದರಿಂದ ಈ ಬಾರಿ ಒಂದೇ ಪತ್ರಕ್ಕೆ ಹೆಚ್ಚಿನ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ತಂದೆಗೆ 71 ವರ್ಷ. ತಂಗಿಯ ಬಾಣಂತನಕ್ಕೆಂದು ಅಪ್ಪ, ಅಮ್ಮ ಆರು ತಿಂಗಳು ಆಸ್ಟ್ರೇಲಿಯಾದ ಬ್ರಿಸ್ಬೇನ್‌ಗೆ ಹೊರಟಿದ್ದಾರೆ. ಅಲ್ಲಿ ಚರ್ಮದ ಕ್ಯಾನ್ಸರ್ ಹೆಚ್ಚಂತೆ. ಬೀಟಾ ಕ್ಯಾರೊಟಿನ್, ವಿಟಮಿನ್ ಇ, ಸೆಲೆನಿಯಂ ಇರುವ ಆ್ಯಂಟಿಆಕ್ಸಿಡೆಂಟ್ ಮಾತ್ರೆಯನ್ನು ಈಗಿನಿಂದಲೇ ಕೊಡಿ ಎನ್ನುತ್ತಾಳೆ ತಂಗಿ. ಅಪ್ಪ ಇನ್ನೂ ಬೀಡಿ ಬಿಟ್ಟಿಲ್ಲ. ಕೊಡಬಹುದೇ? (ಮೈಸೂರಿನ ಓದುಗರು)

ಉತ್ತರ: ಕೊಡಬೇಡಿ. ಬೀಡಿ ಸೇದುವವರಿಗೆ ಬೀಟಾ ಕ್ಯಾರೊಟಿನ್ ಮಾತ್ರೆ ದಂಡ ಮಾತ್ರವಲ್ಲ, ಅಪಾಯ. ಫಿನ್ಲೆಂಡಿನಲ್ಲಿ 50 ದಾಟಿದ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದಲ್ಲಿ, ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚು ಕಂಡಿತು. ಇದು ಪ್ರಕಟವಾದದ್ದು 1994ರಲ್ಲಿ. ಇಷ್ಟು ವರ್ಷಗಳಾದರೂ ಇದನ್ನು ಹೇಳದೆ ಮಾತ್ರೆ ಮಾರುವವರ ಮೇಲೆ ನನಗೆ ನಿಜವಾಗಿಯೂ ಕೋಪವಿದೆ.

ಇನ್ನು ಚರ್ಮದ ಮಾತು. ನಿಮ್ಮ ತಂಗಿ ಇರುವ ಊರಿನಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ ನ್ಯಾಂಬೋರ್ ಎಂಬ ಪಟ್ಟಣವಿದೆ. ಅಲ್ಲಿ 1992ರಿಂದ 1996ರವರೆಗೆ ಸಂಶೋಧಕಿ ಅಡೆಲ್ ಗ್ರೀನ್ ಮತ್ತು ಅವರ ತಂಡದವರು 1,621 ಜನರನ್ನು ಚೀಟಿ ಎತ್ತಿದ ಹಾಗೆ ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ದಿನವೂ 30 ಮಿಲಿಗ್ರಾಂ ಬೀಟಾ ಕ್ಯಾರೊಟಿನ್, ಕೆಲವರಿಗೆ ಅದೇ ರೂಪದ ಹುಸಿ ಮಾತ್ರೆ ಕೊಟ್ಟರು. ಜೊತೆಗೆ ಅರ್ಧದಷ್ಟು ಜನರು ಮುಖ, ಕುತ್ತಿಗೆ, ತೋಳು, ಕೈಗಳಿಗೆ ದಿನವೂ ಸನ್‌ಸ್ಕ್ರೀನ್ ಹಚ್ಚುವಂತೆ ನೋಡಿಕೊಂಡರು. ಮಾತ್ರೆಯಿಂದ ಯಾವ ಬಗೆಯ ಚರ್ಮದ ಕ್ಯಾನ್ಸರೂ ಕಡಿಮೆಯಾಗಲಿಲ್ಲ. ಸನ್‌ಸ್ಕ್ರೀನ್‌ನಿಂದ ಸ್ಕ್ವಾಮಸ್ ಸೆಲ್ ಕ್ಯಾನ್ಸರ್ (ಚರ್ಮದ ಹೊರಪದರದ ಚಪ್ಪಟೆ ಕೋಶಗಳಲ್ಲಿ ಹುಟ್ಟುವುದು) ಗಡ್ಡೆಗಳು ಸುಮಾರು ಶೇ 40ರಷ್ಟು ಕಡಿಮೆಯಾದವು, ಹೊರಪದರದ ಬುಡದ ಕೋಶಗಳಲ್ಲಿ ಹುಟ್ಟುವ ಬೇಸಲ್ ಸೆಲ್ ಕ್ಯಾನ್ಸರ್ ಮಾತ್ರ ತಗ್ಗಲಿಲ್ಲ. ಪ್ರಯೋಗ ಮುಗಿದು ಹತ್ತು ವರ್ಷಗಳಾದ ಮೇಲೆ ಲೆಕ್ಕ ಹಾಕಿದಾಗ, ದಿನವೂ ಹಚ್ಚಿದವರಲ್ಲಿ 11 ಮಂದಿಗೆ ಮತ್ತು ಉಳಿದವರಲ್ಲಿ 22 ಮಂದಿಗೆ ಮೆಲನೋಮಾ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್, ಬಂದಿತ್ತು.

ಸೆಲೆನಿಯಂನ ಕಥೆ ಇನ್ನೂ ಕೆಟ್ಟದ್ದು. ಒಮ್ಮೆ ಚರ್ಮದ ಕ್ಯಾನ್ಸರ್ ಬಂದು ಹೋಗಿದ್ದ 1,312 ಅಮೆರಿಕನ್ನರ ಮೇಲೆ ನಡೆದ ಪ್ರಯೋಗದಲ್ಲಿ, ಅವರ ಸರಾಸರಿ ವಯಸ್ಸು 63, ದಿನಕ್ಕೆ 200 ಮೈಕ್ರೋಗ್ರಾಂ ಸೆಲೆನಿಯಂ ನುಂಗಿದವರಿಗೆ ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಮರುಕಳಿಸುವ ಅಪಾಯ ಶೇ 25ರಷ್ಟು ಹೆಚ್ಚೇ ಆಯಿತು. ಫ್ರಾನ್ಸಿನಲ್ಲಿ 13,017 ಜನರಿಗೆ ವಿಟಮಿನ್ ಸಿ, ಇ, ಬೀಟಾ ಕ್ಯಾರೊಟಿನ್, ಸೆಲೆನಿಯಂ, ಸತು ಎಲ್ಲವನ್ನೂ ಸೇರಿಸಿದ ಮಾತ್ರೆ ಕೊಟ್ಟು ನೋಡಿದಾಗ, ಗಂಡಸರಲ್ಲಿ ವ್ಯತ್ಯಾಸ ಕಾಣಲಿಲ್ಲ, ಹೆಂಗಸರಲ್ಲಿ ಮೆಲನೋಮಾ ಸೇರಿದಂತೆ ಚರ್ಮದ ಕ್ಯಾನ್ಸರ್ ಹೆಚ್ಚಿತು. ಅಲ್ಲಿ ಮೆಲನೋಮಾ ರೋಗಿಗಳ ಸಂಖ್ಯೆ ಚಿಕ್ಕದು, ಒಪ್ಪುತ್ತೇನೆ. ಆದರೆ ಹಾನಿಯ ಸುಳಿವು ಇರುವ ಮಾತ್ರೆಯನ್ನು ಆರೋಗ್ಯವಾಗಿರುವ ನಿಮ್ಮ ತಾಯಿಗೆ ನಾನು ಬರೆದುಕೊಡಲಾರೆ.

ಹಾಗಾಗಲು ಕಾರಣವಿದೆ. ಬಿಸಿಲಿನ ಅತಿನೇರಳೆ ಕಿರಣವನ್ನು ಡಿಎನ್‌ಎ ನೇರವಾಗಿ ಹೀರಿಕೊಂಡಾಗ ಅದರೊಳಗಿನ ಅಕ್ಕಪಕ್ಕದ ತುಣುಕುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಈ ಹಾನಿಯಲ್ಲಿ ಆಕ್ಸಿಡೀಕರಣದ ಪಾತ್ರವೇ ಇಲ್ಲದಿರುವಾಗ ಆ್ಯಂಟಿಆಕ್ಸಿಡೆಂಟ್ ತಡೆಯುವುದಾದರೂ ಏನನ್ನು? ಮೇಲಾಗಿ, ವಯಸ್ಸಾದವರ ಚರ್ಮದಲ್ಲಿ ದಶಕಗಳ ಹಿಂದೆಯೇ ಕೆಟ್ಟ ಕೋಶಗಳು ಅಡಗಿರುತ್ತವೆ, ಮಾತ್ರೆ ಒಳ್ಳೆಯ ಕೋಶ ಯಾವುದು, ಕೆಟ್ಟದ್ದು ಯಾವುದು ಎಂದು ನೋಡಿ ರಕ್ಷಣೆ ಕೊಡುವುದಿಲ್ಲ. ಸ್ವೀಡನ್ನಿನ ವಿಜ್ಞಾನಿಗಳು 2015ರಲ್ಲಿ ಮೆಲನೋಮಾ ಇದ್ದ ಇಲಿಗಳಿಗೆ ಒಂದು ಆ್ಯಂಟಿಆಕ್ಸಿಡೆಂಟ್ ಔಷಧವನ್ನು ಕುಡಿಸಿದಾಗ ರೋಗವು ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಇನ್ನಷ್ಟು ಹರಡಿತು.

ಊಟದ ಮಾತು ಬೇರೆ. ನ್ಯಾಂಬೋರ್‌ನಲ್ಲೇ, ಮೊದಲು ಚರ್ಮದ ಕ್ಯಾನ್ಸರ್ ಬಂದಿದ್ದವರ ಪೈಕಿ ಹಸಿರು ಸೊಪ್ಪನ್ನು ಹೆಚ್ಚಾಗಿ ತಿನ್ನುವವರಿಗೆ ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಕಡಿಮೆ ಬಂದದ್ದು ಕಂಡಿದೆ. ಸೊಪ್ಪು ತಿನ್ನುವವರು ಇನ್ನೂ ಹಲವು ರೀತಿಯಲ್ಲಿ ಮೈ ಕಾಯ್ದುಕೊಳ್ಳುವವರಾಗಿರುತ್ತಾರೆ, ಆದ್ದರಿಂದ ಇದನ್ನು ಪುರಾವೆ ಎನ್ನಲಾರೆ. ಆದರೂ ದಂಟು, ಹರಿವೆ, ನುಗ್ಗೆಸೊಪ್ಪಿನ ಸಾರಿನಿಂದ ಯಾರೂ ಕೆಟ್ಟಿಲ್ಲ. ಧಾರಾಳವಾಗಿ ಮಾಡಿ ಬಡಿಸಿ.

ನಮ್ಮ ಕಂದು ಚರ್ಮಕ್ಕೆ ಬಿಸಿಲಿನಿಂದ ಕ್ಯಾನ್ಸರ್ ಬರುವ ಅಪಾಯ ಬಿಳಿಯರಿಗಿಂತ ಬಹಳ ಕಡಿಮೆ. ಅಗಲ ಅಂಚಿನ ಟೋಪಿ, ತುಂಬುತೋಳಿನ ಅಂಗಿ, ಮುಖಕ್ಕೆ ಸನ್‌ಸ್ಕ್ರೀನ್ ಆರು ತಿಂಗಳಿಗೆ ಸಾಕು. ನಿಮ್ಮ ತಂದೆ ತಾಯಿಯಲ್ಲಿ ನೋಡಬೇಕಾದದ್ದು ಬಿಸಿಲು ಬೀಳದ ಜಾಗಗಳನ್ನು: ಅಂಗಾಲು, ಅಂಗೈ, ಉಗುರಿನ ಬುಡ, ಹಳೆಯ ಸುಟ್ಟ ಕಲೆ, ವಾಸಿಯಾಗದ ಹುಣ್ಣು. ಬರಿಗಾಲಲ್ಲೇ ತೋಟದ ಕೆಲಸ ಮಾಡಿಕೊಂಡಿದ್ದ ಅಜ್ಜಿಯೊಬ್ಬರು ಹಿಮ್ಮಡಿಯ ಕಪ್ಪು ಮಚ್ಚೆಯನ್ನು ಆಣಿಯೆಂದು ತಿಳಿದು ವರ್ಷವಿಡೀ ಗೇರೆಣ್ಣೆ ಹಚ್ಚಿ, ಮೇಲೆ ಬಟ್ಟೆ ಕಟ್ಟಿಕೊಂಡೇ ಓಡಾಡಿದ್ದರು. ನನ್ನ ಮುಂದೆ ಬಟ್ಟೆ ಬಿಚ್ಚಿದಾಗ ಮಚ್ಚೆ ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡದಾಗಿತ್ತು, ಅಂಚು ಹರಿದ ಕಾಗದದಂತಿತ್ತು, ತೊಡೆಸಂದಿನಲ್ಲಿ ಆಗಲೇ ಗಂಟು ಸಿಗುತ್ತಿತ್ತು. ಅದು ಮೆಲನೋಮಾ. ಅವರ ಮಕ್ಕಳು ಅಮ್ಮನಿಗೆ ತಪ್ಪದೆ ಆ್ಯಂಟಿಆಕ್ಸಿಡೆಂಟ್ ಮಾತ್ರೆ ಕೊಡುತ್ತಿದ್ದರು, ಕಾಲನ್ನು ಮಾತ್ರ ಯಾರೂ ನೋಡಿರಲಿಲ್ಲ.

ಪ್ರಶ್ನೆ: ದಿನವೂ ನೆಲ್ಲಿಕಾಯಿ ರಸ ಕುಡಿದರೆ ಸನ್‌ಸ್ಕ್ರೀನ್ ಬಿಡಬಹುದೇ?

ಉತ್ತರ: ಬಿಡಬಾರದು.

ಪ್ರಶ್ನೆ: ಬಣ್ಣ ತಿಳಿಯಾಗಲು ಗ್ಲುಟಾಥಿಯೋನ್ ಡ್ರಿಪ್ ಹಾಕಿಸಿಕೊಳ್ಳುತ್ತಿದ್ದೇನೆ. ಅದೂ ಆ್ಯಂಟಿಆಕ್ಸಿಡೆಂಟ್ ಅಲ್ಲವೇ?

ಉತ್ತರ: ಹೌದು, ಮತ್ತು ಇಂದೇ ನಿಲ್ಲಿಸಿ.

ಪ್ರಶ್ನೆ: ವಿಟಮಿನ್ ಬಿ3ಯಿಂದ ಚರ್ಮದ ಕ್ಯಾನ್ಸರ್ ತಪ್ಪುತ್ತದೆಯೇ?

ಉತ್ತರ: ನಿಕೋಟಿನಮೈಡ್ ಎಂಬ ರೂಪಕ್ಕೆ ಮಾತ್ರ ಸ್ವಲ್ಪ ಆಧಾರವಿದೆ. ಆಸ್ಟ್ರೇಲಿಯಾದಲ್ಲಿ ಈಗಾಗಲೇ ಎರಡಕ್ಕಿಂತ ಕಡಿಮೆಯಿಲ್ಲದಂತೆ ಚರ್ಮದ ಕ್ಯಾನ್ಸರ್ ಬಂದಿದ್ದ 386 ಜನರಲ್ಲಿ ಒಂದು ವರ್ಷದಲ್ಲಿ ಹೊಸ ಗಡ್ಡೆಗಳು ಶೇ 23ರಷ್ಟು ಕಡಿಮೆಯಾದವು, ಮಾತ್ರೆ ನಿಲ್ಲಿಸಿದ ಮೇಲೆ ಲಾಭವೂ ನಿಂತಿತು. ಒಮ್ಮೆಯೂ ಬಾರದವರಿಗೆ ಇದು ಬೇಕಿಲ್ಲ.

ಪ್ರಶ್ನೆ: ಕ್ಯಾನ್ಸರ್ ಗಂಟನ್ನು ಬೇರುಸಹಿತ ಕೀಳುವ ಲೇಪವನ್ನು ನಾಟಿ ವೈದ್ಯರೊಬ್ಬರು ಕೊಟ್ಟಿದ್ದಾರೆ. ಹಚ್ಚಲೇ?

ಉತ್ತರ: ಹಚ್ಚಬೇಡಿ. ಅಂಥ ಲೇಪ ಮೇಲಿನ ಚರ್ಮವನ್ನು ಸುಡುತ್ತದೆ, ಅಡಿಯಲ್ಲಿ ರೋಗ ಬೆಳೆಯುತ್ತಲೇ ಇರುತ್ತದೆ. ಬಯಾಪ್ಸಿ ಮಾಡದೆ ಕ್ಯಾನ್ಸರ್ ಎಂದು ಹೆಸರಿಡುವವರನ್ನೂ, ವಾಸಿ ಮಾಡಿದೆ ಎನ್ನುವವರನ್ನೂ ನಂಬಬೇಡಿ. ಈಗಾಗಲೇ ಹಚ್ಚಿದ್ದರೆ, ಗಂಟು ಮೊದಲು ಎಲ್ಲಿತ್ತು, ಎಷ್ಟಿತ್ತು ಎಂಬುದನ್ನು ಬರೆದುಕೊಂಡು, ಹಳೆಯ ಫೋಟೊ ಇದ್ದರೆ ಅದನ್ನೂ ತೆಗೆದುಕೊಂಡು, ಈ ವಾರವೇ ಚರ್ಮರೋಗ ತಜ್ಞರಿಗೆ ತೋರಿಸಿ.