ಟಾಪ್ ಮೇಲಿನ ಹೊರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಶಾಲೆಗಳಿಗೆ ರಜೆ ಹತ್ತಿರ ಬಂದಿದೆ. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಕಾರಿನ ಟಾಪ್ ಮೇಲೆ ಸಾಮಾನು ಹೇರುವ ಬಗ್ಗೆಯೇ ಇವೆ. ಹಾಗಾಗಿ ಎಂಜಿನ್, ಬ್ಯಾಟರಿ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನಷ್ಟೇ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ಏಳು ಸೀಟಿನ ಎರ್ಟಿಗಾ. ಅಪ್ಪ, ಅವ್ವ, ನಾವಿಬ್ಬರು, ಮೂರು ಮಕ್ಕಳು. ಮೇ ತಿಂಗಳಲ್ಲಿ ಗೋಕರ್ಣ, ಮುರ್ಡೇಶ್ವರಕ್ಕೆ ಐದು ದಿನ ಹೋಗುವವರಿದ್ದೇವೆ. ಹಿಂದಿನ ಸೀಟು ಎತ್ತಿದರೆ ಡಿಕ್ಕಿಯಲ್ಲಿ ಜಾಗವೇ ಉಳಿಯುವುದಿಲ್ಲ. ಟಾಪ್ ನುಣ್ಣಗಿದೆ, ಅಂಚಿನುದ್ದಕ್ಕೆ ಬರುವ ಕಂಬಿ, ಅಂದರೆ ರೇಲ್ ಇಲ್ಲ. ಅಂಗಡಿಯಲ್ಲಿ ಕಬ್ಬಿಣದ ಕ್ಯಾರಿಯರ್, ಪ್ಲಾಸ್ಟಿಕ್ ಪೆಟ್ಟಿಗೆ, ಬಟ್ಟೆಯ ಬ್ಯಾಗು ಮೂರನ್ನೂ ತೋರಿಸಿ ‘ನೂರು ಕಿಲೋ ತಡೀತಾವ್ರಿ’ ಅಂದರು. ಯಾವುದು ತೊಗೊಳ್ಳಬೇಕು? (ಜಮಖಂಡಿ)

ಉತ್ತರ: ಆ ನೂರು ಕಿಲೋ ಕ್ಯಾರಿಯರಿನ ತಾಕತ್ತು. ಗಾಡಿಯ ಟಾಪಿನ ತಾಕತ್ತು ಬೇರೆ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ. ಗಾಡಿಯ ಜೊತೆ ಬಂದ ಕೈಪಿಡಿಯಲ್ಲಿ ‘ರೂಫ್ ಲೋಡ್’ ಎಂಬ ಸಾಲು ಹುಡುಕಿ. ಮನೆಬಳಕೆಯ ಕಾರುಗಳಲ್ಲಿ ಸಾಮಾನ್ಯವಾಗಿ 35ರಿಂದ 75 ಕಿಲೋ ಆಸುಪಾಸು ಬರೆದಿರುತ್ತಾರೆ. ಕೆಲವು ಗಾಡಿಗಳಲ್ಲಿ ಮೇಲೆ ಏನನ್ನೂ ಹೇರಬೇಡಿ ಎಂದೇ ಇರುತ್ತದೆ. ಈ ಅಂಕಿಯಲ್ಲಿ ಕ್ಯಾರಿಯರಿನ ತೂಕವೂ ಸೇರಿದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ.

ಮಿತಿ 50 ಕಿಲೋ ಅನ್ನಿ. ಟಾಪಿಗೆ ಅಡ್ಡಲಾಗಿ ಬಿಗಿಯುವ ಎರಡು ಕ್ರಾಸ್‌ಬಾರ್ (ಮುಂದೆ ಬರೀ ‘ಬಾರು’) ಸೇರಿ 5-6 ಕಿಲೋ. ಅದರ ಮೇಲೆ 400 ಲೀಟರಿನ ಪ್ಲಾಸ್ಟಿಕ್ ಪೆಟ್ಟಿಗೆ ಕೂರಿಸಿದರೆ ಮತ್ತೆ 15ರಿಂದ 18 ಕಿಲೋ. ಸಾಮಾನಿಗೆ ಉಳಿದದ್ದು 26ರಿಂದ 30 ಕಿಲೋ, ಅಂದರೆ ತುಂಬಿದ ದೊಡ್ಡ ಟ್ರಾಲಿ ಬ್ಯಾಗು ಒಂದೂವರೆ! ಅದೇ ಜಾಗಕ್ಕೆ 4 ಕಿಲೋದ ಬಟ್ಟೆ ಬ್ಯಾಗು ಹಾಕಿದರೆ 40 ಕಿಲೋ ಸಿಗುತ್ತದೆ. ವರ್ಷಕ್ಕೆ ಒಂದೆರಡು ಪ್ರವಾಸ ಮಾಡುವ ನಿಮ್ಮಂಥ ಮನೆಗೆ ನಮ್ಮ ಸಲಹೆ: ಒಳ್ಳೆಯ ಕ್ರಾಸ್‌ಬಾರ್, ಅದರ ಮೇಲೆ ಬಟ್ಟೆಯ ಬ್ಯಾಗು. ಹಣ ಉಳಿಸುವುದಿದ್ದರೆ ಬ್ಯಾಗಿನಲ್ಲಿ ಉಳಿಸಿ, ಬಾರಿನಲ್ಲಿ ಬೇಡ. ತಿಂಗಳಿಗೊಮ್ಮೆ ಊರು ಬಿಡುವವರು, ಬೀಗ ಬೇಕೆನ್ನುವವರು ಪೆಟ್ಟಿಗೆ ಕೊಳ್ಳಲಿ. ಕಬ್ಬಿಣದ ಜಾಲರಿ ಕ್ಯಾರಿಯರ್ ನಿಮಗೆ ಬೇಕಾಗಿಲ್ಲ.

ರೇಲ್ ಇಲ್ಲದ ಟಾಪಿನಲ್ಲಿ ಬಾರಿನ ಪಾದಗಳು ಬಾಗಿಲು ತೆರೆದಾಗ ಕಾಣುವ ಚೌಕಟ್ಟಿನ ಮೇಲಂಚನ್ನು ಕಚ್ಚಿ ಕೂರುತ್ತವೆ. ಪಾದದ ಕೊಕ್ಕೆ, ಅಡಿಯ ರಬ್ಬರು ಎರಡೂ ನಿಮ್ಮ ಗಾಡಿಯ ಮಾಡೆಲ್ಲಿಗೆ, ಆ ವರ್ಷದ್ದಕ್ಕೇ ಮಾಡಿದ್ದಿರಬೇಕು. ‘ಎಲ್ಲಾ ಗಾಡಿಗೂ ಹತ್ತತೈತ್ರಿ’ ಎನ್ನುವ ಬಾರು ಯಾವ ಗಾಡಿಗೂ ಸರಿಯಾಗಿ ಹತ್ತುವುದಿಲ್ಲ. ಎರಡು ಬಾರುಗಳ ನಡುವೆ ಸುಮಾರು 70 ಸೆಂ.ಮೀ. ಇರಲಿ. ತೀರ ಹತ್ತಿರವಾದರೆ ಹೊರೆ ಹಿಂದೆ ಮುಂದೆ ತೊನೆಯುತ್ತದೆ. ಒಂದು ಪಾದವನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬೇಡಿ, ಬಾರು ಒಂದು ಕಡೆಗೆ ಎಳೆದುಕೊಳ್ಳುತ್ತದೆ. ಎಡಕ್ಕೆ ಎರಡು ಸುತ್ತು, ಬಲಕ್ಕೆ ಎರಡು ಸುತ್ತು, ಹೀಗೆ ಬಿಗಿಯುತ್ತ ಬನ್ನಿ. ಕೊನೆಗೆ ಬಾರನ್ನು ಹಿಡಿದು ಜೋರಾಗಿ ಅಲ್ಲಾಡಿಸಿ. ಗಾಡಿಯೇ ತೂಗಾಡಬೇಕು, ಬಾರು ಮಿಸುಕಬಾರದು.

ಇನ್ನು ಮೇಲೆ ಏನು, ಒಳಗೆ ಏನು? ಭಾರದ್ದೆಲ್ಲ ಡಿಕ್ಕಿಯ ತಳಕ್ಕೆ, ಸೀಟಿನ ಕೆಳಗೆ: ನೀರು, ಚಪ್ಪಲಿ, ಬುತ್ತಿಯ ಡಬ್ಬಿ, ಮಕ್ಕಳ ಪುಸ್ತಕ. ಹಗುರಾಗಿ ಉಬ್ಬಿದ್ದು ಮೇಲೆ: ಬಟ್ಟೆ, ದಿಂಬು, ಟವೆಲ್ಲು. ಕೌದಿ ನೋಡಲು ಬಟ್ಟೆ, ತೂಗಿದರೆ ಒಂದೊಂದು ಮೂರು ಕಿಲೋ ದಾಟುತ್ತದೆ. ಅದು ಒಳಗೇ ಇರಲಿ. ಬ್ಯಾಗು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದರೆ ಲೆಕ್ಕ ಸಿಕ್ಕಿತು. ಏಳು ಜನರದ್ದೇ 350 ಕಿಲೋ ದಾಟುತ್ತದೆ. ಆದ್ದರಿಂದ ಕೈಪಿಡಿಯಲ್ಲಿರುವ ಗಾಡಿಯ ಒಟ್ಟು ತೂಕದ ಮಿತಿಯಿಂದ ಆರ್‌ಸಿಯಲ್ಲಿರುವ ಖಾಲಿ ಗಾಡಿಯ ತೂಕ ಕಳೆದು, ಜನ ಮತ್ತು ಸಾಮಾನು ಎರಡೂ ಅದರೊಳಗೆ ಬರುತ್ತವೆಯೇ ನೋಡಿಕೊಳ್ಳಿ. ಟೈರಿನ ಗಾಳಿಯನ್ನು ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ‘ಪೂರ್ತಿ ಹೊರೆ’ಗೆ ಬರೆದಷ್ಟು ಏರಿಸಿ.

ಕಟ್ಟುವುದಕ್ಕೆ 25 ಮಿ.ಮೀ. ಅಗಲದ, ಬಕಲ್ ಇರುವ ಪಾಲಿಯೆಸ್ಟರ್ ಪಟ್ಟಿ ನಾಲ್ಕು ಬೇಕು: ಅಡ್ಡ ಎರಡು, ಉದ್ದ ಎರಡು. ಉದ್ದದ್ದನ್ನು ಬಿಟ್ಟುಬಿಡುವವರೇ ಹೆಚ್ಚು. 40 ಕಿಲೋ ಹೊರೆ ಇದ್ದಾಗ ಜೋರಾಗಿ ಬ್ರೇಕ್ ಒತ್ತಿದರೆ 30 ಕಿಲೋದಷ್ಟು ಬಲ ಅದನ್ನು ಮುಂದಿನ ಗಾಜಿನ ಕಡೆಗೆ ತಳ್ಳುತ್ತದೆ. ಅಡ್ಡಪಟ್ಟಿ ಅದನ್ನು ತಡೆಯುವುದಿಲ್ಲ. ನೈಲಾನ್ ಹಗ್ಗ ನೆನೆದರೆ ಸಡಿಲಾಗುತ್ತದೆ. ಬೈಕಿಗೆ ಕಟ್ಟುವ ಕೊಕ್ಕೆಯ ರಬ್ಬರ್ ಹಗ್ಗ ಗಾಳಿ ಎತ್ತಿದಾಗ ತಾನೂ ಹಿಗ್ಗಿ ದಾರಿ ಕೊಡುತ್ತದೆ. ಹೊರಟು 25 ಕಿ.ಮೀ. ಆದ ಮೇಲೆ ನಿಲ್ಲಿಸಿ ಪಟ್ಟಿ ಎಳೆದು ನೋಡಿ. ಅಷ್ಟರಲ್ಲಿ ಬಟ್ಟೆ ಕುಗ್ಗಿ ಎರಡು ಬೆರಳು ಹೋಗುವಷ್ಟು ಸಡಿಲ ಬಂದಿರುತ್ತದೆ. ಆಮೇಲೆ ಚಹಾಕ್ಕೆ ಇಳಿದಾಗಲೆಲ್ಲ ಒಮ್ಮೆ.

ಪ್ರಶ್ನೆ: ನಮ್ಮ ಗಾಡಿಗೆ ಬೆಳ್ಳಿ ಬಣ್ಣದ ರೂಫ್ ರೇಲ್ ಬಂದಿದೆ. ಬಾರು ಅದಕ್ಕೇ ಬಿಗಿಯಬಹುದಲ್ಲ? (ಬಾಗಲಕೋಟೆ)

ಉತ್ತರ: ಮೊದಲು ಕೈಪಿಡಿ ನೋಡಿ. ಅನೇಕ ಮಾಡೆಲ್ಲುಗಳಲ್ಲಿ ಅದು ಬರೀ ಚಂದಕ್ಕೆ, ಕ್ಲಿಪ್ಪು ಮತ್ತು ಅಂಟಿನಿಂದ ಕೂರಿಸಿದ ಪ್ಲಾಸ್ಟಿಕ್. ಬೆರಳಲ್ಲಿ ಬಡಿದರೆ ಟೊಳ್ಳು ಸದ್ದು ಬಂದರೆ, ಕೈಪಿಡಿಯಲ್ಲಿ ಹೊರೆಯ ಅಂಕಿ ಇಲ್ಲದಿದ್ದರೆ ಅದಕ್ಕೆ ಏನನ್ನೂ ಕಟ್ಟಬೇಡಿ.

ಪ್ರಶ್ನೆ: ವಿಜಯಪುರದಿಂದ ಹುಬ್ಬಳ್ಳಿ ಮೇಲೆ ಕರಾವಳಿಗೆ ಹೋಗಿ ಬಂದೆವು. 80 ದಾಟಿದ ಕೂಡಲೇ ಮೇಲಿನಿಂದ ಭೋಂ ಎಂದು ಸದ್ದು. ಮೈಲೇಜೂ ಇಳಿಯಿತು. ಕ್ಯಾರಿಯರ್ ಕೆಟ್ಟದ್ದೇ? (ವಿಜಯಪುರ)

ಉತ್ತರ: ಕ್ಯಾರಿಯರ್ ಕೆಟ್ಟಿರಲಿಕ್ಕಿಲ್ಲ, ಗಾಳಿಯ ಲೆಕ್ಕವೇ ಹಾಗೆ. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ. 80 ಕಿ.ಮೀ. ವೇಗದಲ್ಲಿ ಒಂದು ಚದರ ಮೀಟರಿಗೆ ಸುಮಾರು 30 ಕಿಲೋ ಇದ್ದದ್ದು 100ಕ್ಕೆ 47 ಆಗುತ್ತದೆ. ಅದರ ಮೇಲೆ ನಮ್ಮ ಕಡೆಯ ಆಷಾಢದ ಗಾಳಿ 30 ಕಿ.ಮೀ. ವೇಗದಲ್ಲಿ ಎದುರು ಬಂದರೆ, ನೀವು 80ರಲ್ಲಿದ್ದರೂ ಕ್ಯಾರಿಯರಿಗೆ ಅದು 110. ಒತ್ತಡ ಹೆಚ್ಚುಕಡಿಮೆ ದುಪ್ಪಟ್ಟು. ಕೊಲ್ಹಾರದ ಹತ್ತಿರ ಕೃಷ್ಣೆಯ ಉದ್ದನೆಯ ಸೇತುವೆಯ ಮೇಲೆ ಗಾಳಿ ಅಡ್ಡ ಬೀಸುತ್ತದೆ. ಮೇಲೆ ಹೊರೆ ಇದ್ದ ಗಾಡಿಗೆ ಸ್ಟೀರಿಂಗ್ ಒಂದು ಕಡೆ ಎಳೆದಂತಾಗುವುದು ಅಲ್ಲಿಯೇ. ವೇಗ 60ಕ್ಕೆ ಇಳಿಸಿ. ಯಲ್ಲಾಪುರ ದಾಟಿ ಅರಬೈಲ್ ಘಾಟಿನ ತಿರುವುಗಳಲ್ಲೂ ಅಷ್ಟೇ, ಭಾರ ಮೇಲಿದ್ದಷ್ಟು ಗಾಡಿ ಹೊರಕ್ಕೆ ವಾಲುತ್ತದೆ.

ಅಮೆರಿಕದ ಇಂಧನ ಇಲಾಖೆ ಕೊಡುವ ಅಂಕಿಯಂತೆ, ಮೊಂಡು ಮೂತಿಯ ದೊಡ್ಡ ಪೆಟ್ಟಿಗೆಯಿಂದ ಹೆದ್ದಾರಿಯಲ್ಲಿ ಮೈಲೇಜು ಶೇ 6ರಿಂದ 17, ಗಂಟೆಗೆ 105-120 ಕಿ.ಮೀ. ವೇಗದಲ್ಲಿ ಶೇ 10ರಿಂದ 25 ಇಳಿಯುತ್ತದೆ. 18 ಕೊಡುವ ಗಾಡಿ ಶೇ 15 ಕಳೆದುಕೊಂಡರೆ 15.3. ಹೋಗಿ ಬರುವ 700 ಕಿ.ಮೀ.ಗೆ ಏಳು ಲೀಟರ್ ಹೆಚ್ಚು. 100ರ ಬದಲು 80ರಲ್ಲಿ ಹೋದರೆ ಇದರಲ್ಲಿ ಬಹುಪಾಲು ಕೈಯಲ್ಲೇ ಉಳಿಯುತ್ತದೆ.

ಸದ್ದಿಗೆ ಎರಡು ಮೂಲ. ಚಪ್ಪಟೆ ಪಟ್ಟಿ ಗಾಳಿಗೆ ತಂತಿಯಂತೆ ನಡುಗುತ್ತದೆ. ಎಲ್ಲಿ ಅದು ಬಯಲಲ್ಲಿ ಬಿಗಿದು ನಿಂತಿದೆಯೋ ಅಲ್ಲಿ ಒಂದು ತಿರುಚು ಹಾಕಿ ಕಟ್ಟಿದರೆ ಸದ್ದು ನಿಲ್ಲುತ್ತದೆ. ಚೌಕ ಬಾರಾದರೆ ಕಿರುಬೆರಳು ಗಾತ್ರದ ಹಗ್ಗವನ್ನು ಬಳ್ಳಿ ಹಬ್ಬಿದಂತೆ ಓರೆಯಾಗಿ ನಾಲ್ಕೈದು ಸುತ್ತು ಸುತ್ತಿ. ಗಾಳಿಯ ಸುಳಿ ಒಂದೇ ತಾಳಕ್ಕೆ ಬೀಳುವುದು ತಪ್ಪಿ ಸಿಳ್ಳು ಹೋಗುತ್ತದೆ. ಊರಿಗೆ ಬಂದ ಮೇಲೆ ಬಾರು ಬಿಚ್ಚಿಡಿ. ಖಾಲಿ ಬಾರೂ ಪೆಟ್ರೋಲ್ ಕುಡಿಯುತ್ತದೆ.

ಪ್ರಶ್ನೆ: ವೆಲ್ಡಿಂಗ್ ಅಂಗಡಿಯಲ್ಲಿ ಚೌಕ ಪೈಪಿನ ಕ್ಯಾರಿಯರ್ ಅರ್ಧ ರೇಟಿಗೆ ಮಾಡಿಕೊಡುತ್ತಾರೆ. ಟಾಪಿಗೆ ನಾಲ್ಕು ತೂತು ಹೊಡೆದು ಬೋಲ್ಟ್ ಹಾಕಿದರೆ ಗಟ್ಟಿ ಅನ್ನುತ್ತಾರೆ. (ಗೋಕಾಕ)

ಉತ್ತರ: ತೂತು ಬೇಡವೇ ಬೇಡ. ಅಪಘಾತವಾದಾಗ ಕಿಟಕಿಗೆ ಪರದೆಯಂತೆ ಉಬ್ಬಿ ಇಳಿಯುವ ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಗಳಲ್ಲಿ ಅದು ಮಡಚಿ ಕೂತಿರುವುದು ಟಾಪಿನ ಅಂಚಿನ ಒಳಗೇ. ಡ್ರಿಲ್ಲು ಅದಕ್ಕೆ ತಗುಲಬಹುದು. ತಗುಲದಿದ್ದರೂ ಬಣ್ಣ ಹೋದ ತೂತಿನ ಸುತ್ತ ಒಂದೆರಡು ಮಳೆಗಾಲದಲ್ಲಿ ತುಕ್ಕು ಏಳುತ್ತದೆ, ನೀರು ಒಳಗಿನ ಬಟ್ಟೆಗೆ ಇಳಿಯುತ್ತದೆ. ಇನ್ನು ತೂಕ: 20 ಮಿ.ಮೀ. ಚೌಕದ, 16 ಗೇಜ್ ದಪ್ಪದ ಪೈಪು ಮೀಟರಿಗೆ 900 ಗ್ರಾಂ ಮೇಲೆ ತೂಗುತ್ತದೆ. 120×100 ಸೆಂ.ಮೀ. ಅಳತೆಯ, ಸುತ್ತ ಕಟಾಂಜನ ಇರುವ ಕ್ಯಾರಿಯರಿಗೆ 16 ಮೀಟರ್ ಪೈಪು ಬೇಕು. ಸಾಮಾನು ಇಡುವ ಮೊದಲೇ 15 ಕಿಲೋ ಆಯಿತು. ಹಳೆಯ ಓಮ್ನಿಯಂತೆ ಟಾಪಿನ ಅಂಚಿಗೆ ನೀರಿನ ದೋಣಿ ಇರುವ ಗಾಡಿಯಾದರೆ, ತೂತಿಲ್ಲದೆ ದೋಣಿಗೆ ಕ್ಲ್ಯಾಂಪ್ ಹಾಕಿ ಕೂರಿಸಬಹುದು. ಆಗ ವೆಲ್ಡಿಂಗಿನವರ ಕೆಲಸ ಪರವಾಗಿಲ್ಲ, ರಬ್ಬರ್ ಪಟ್ಟಿ ಮಾತ್ರ ಮರೆಯದೆ ಹಾಕಿಸಿ.

ಪ್ರಶ್ನೆ: ಜೂನ್‌ನಲ್ಲಿ ಚೋರ್ಲಾ ಘಾಟಿನ ಮೇಲೆ ಗೋವಾಕ್ಕೆ ಹೋದಾಗ ‘ವಾಟರ್‌ಪ್ರೂಫ್’ ಬ್ಯಾಗಿನೊಳಗೆ ನೀರು ತುಂಬಿತು. ಸೀಟಿನ ಮೇಲೂ ಹನಿ. ಬಾರು ಇಲ್ಲದೆ ಪಟ್ಟಿಯನ್ನು ಬಾಗಿಲೊಳಗಿಂದ ಹಾಯಿಸಿ ಕಟ್ಟಿದ್ದೆವು. (ಬೆಳಗಾವಿ)

ಉತ್ತರ: ಬ್ಯಾಗಿನ ಬಟ್ಟೆ ನೀರು ಬಿಡುವುದಿಲ್ಲ, ಹೊಲಿಗೆ ಬಿಡುತ್ತದೆ. ಸೂಜಿ ಹೋದಲ್ಲೆಲ್ಲ ಒಂದು ತೂತು. ಓಡುವ ಗಾಡಿಯಲ್ಲಿ ಮಳೆ ನೀರು ಒತ್ತಡದಿಂದ ನುಗ್ಗುತ್ತದೆ. ಹೊಲಿಗೆಯ ಬದಲು ಬಿಸಿಯಿಂದ ಬೆಸೆದ ಅಂಚು, ಜಿಪ್ಪಿನ ಮೇಲೆ ಅಗಲ ಮುಚ್ಚಳ ಇರುವ ಬ್ಯಾಗು ಕೇಳಿ. ಜಿಪ್ಪಿನ ಬಾಯಿ ಯಾವಾಗಲೂ ಗಾಡಿಯ ಹಿಂಬದಿಗೆ ಬರಲಿ. ಹೊರಡುವ ಮೊದಲು ಒಳಗೆ ಹಳೆಯ ಪೇಪರ್ ಹರಡಿ ಹತ್ತು ನಿಮಿಷ ಪೈಪಿನಿಂದ ನೀರು ಬಿಟ್ಟು ನೋಡಿ, ಯಾವ ಮೂಲೆ ಸೋರುತ್ತದೆ ಎಂದು ಪೇಪರೇ ಹೇಳುತ್ತದೆ. ಏನೇ ಮಾಡಿದರೂ ಬಟ್ಟೆಯನ್ನು ದಪ್ಪ ಪಾಲಿಥೀನ್ ಚೀಲದಲ್ಲಿ ಕಟ್ಟಿಯೇ ಇಡಿ. ಮೇಲೆ ತಾಡಪತ್ರಿ ಹೊದಿಸುವುದಿದ್ದರೆ ಒಂದು ಮೂಲೆಯೂ ಬಡಿಯದಂತೆ ಬಿಗಿಯಾಗಿರಬೇಕು, ಇಲ್ಲದಿದ್ದರೆ ನೂರು ಕಿ.ಮೀ.ಗೆ ಅದು ಚಿಂದಿ.

ಸೀಟಿನ ಹನಿ ಬಂದದ್ದು ಪಟ್ಟಿಯಿಂದ. ಪಟ್ಟಿ ದೀಪದ ಬತ್ತಿಯಂತೆ ನೀರು ಹೀರಿ ಬಾಗಿಲ ರಬ್ಬರಿನಡಿ ಹಾಯಿಸಿ ಒಳಗೆ ಇಳಿಸುತ್ತದೆ. ಒಳಗೆ ಬಂದಕೂಡಲೇ ಅದನ್ನು ಕೆಳಕ್ಕೆ ಜೋತು ಬೀಳುವಂತೆ ಮಾಡಿ ತುದಿಗೆ ಒಂದು ಗಂಟು ಹಾಕಿದರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಕೆಳಗೆ ಒಂದು ಟವೆಲ್ ಇಡಿ. ಬಾರು ಇಲ್ಲದೆ ಕಟ್ಟುವವರು ಟಾಪನ್ನು ತೊಳೆದು ಒರೆಸಿಯೇ ಬ್ಯಾಗಿನಡಿಯ ಚಾಪೆ ಹಾಸಬೇಕು. ಖಾನಾಪುರದ ಕಡೆಯ ಕೆಂಪು ಧೂಳು ನಡುವೆ ಸಿಕ್ಕಿದರೆ ಎಮರಿ ಪೇಪರ್ ಉಜ್ಜಿದಂತೆ ಬಣ್ಣ ತಿನ್ನುತ್ತದೆ.

ಪ್ರಶ್ನೆ: ಪಂಢರಪುರಕ್ಕೆ ಹೊಂಟೀವ್ರಿ. ಟಾಪ್ ಮ್ಯಾಲ ಸಣ್ಣ ಗ್ಯಾಸ್ ಸಿಲಿಂಡರ್, ಎರಡು ನೀರಿನ ಕ್ಯಾನ್, ಮಡಚೋ ಮಂಚ. ಡ್ರೈವರ್ ‘ಏನೂ ಆಗಂಗಿಲ್ರಿ’ ಅಂತಾನ. ಪೊಲೀಸರು ಹಿಡೀತಾರೇನ್ರಿ? (ಅಥಣಿ)

ಉತ್ತರ: ಸಿಲಿಂಡರನ್ನು ಬಿಸಿಲಿಗೆ ಒಡ್ಡಿ ಟಾಪ್ ಮೇಲೆ ಒಯ್ಯಬೇಡಿ, ಜನ ಕೂತ ಗಾಡಿಯ ಒಳಗೂ ಬೇಡ. ಅಡುಗೆ ವ್ಯವಸ್ಥೆ ಅಲ್ಲೇ ನೋಡಿಕೊಳ್ಳಿ. 20 ಲೀಟರಿನ ಎರಡು ಕ್ಯಾನ್ ಅಂದರೆ 40 ಕಿಲೋ, ಅದೂ ಒಳಗೆ ಕುಲುಕಾಡುವ 40 ಕಿಲೋ. ಖಾಲಿ ಕ್ಯಾನ್ ಒಯ್ದು ಅಲ್ಲಿ ತುಂಬಿಸಿ. ಮಂಚದ ಕಾಲು ಗಾಡಿಯ ಅಗಲ ದಾಟಿ ಹೊರಗೆ ಚಾಚಿದರೆ ಮೋಟಾರು ವಾಹನ ಕಾಯ್ದೆಯ 194(1ಎ) ಕಲಮಿನಡಿ 20,000 ರೂಪಾಯಿ ದಂಡವಿದೆ, ಹೊರೆ ಇಳಿಸುವ ಖರ್ಚು ಬೇರೆ. 2019ರ ತಿದ್ದುಪಡಿಯಲ್ಲಿ ಬಂದದ್ದು ಇದು, ಮಹಾರಾಷ್ಟ್ರಕ್ಕೆ ಹೋದರೂ ತಪ್ಪುವುದಿಲ್ಲ. ಮಂಚವನ್ನು ಸಾರಿಗೆ ಸಂಸ್ಥೆಯ ಕಾರ್ಗೋದಲ್ಲಿ ಕಳಿಸಲಾದೀತೇ ಎಂದು ಬಸ್‌ಸ್ಟ್ಯಾಂಡಿನಲ್ಲಿ ವಿಚಾರಿಸಿ. ಇಲ್ಲವೇ ಅಲ್ಲೇ ಬಾಡಿಗೆಗೆ ಪಡೆಯಿರಿ.

ಪ್ರಶ್ನೆ: ಪೆಟ್ಟಿಗೆ ಹಾಕಿಸಿದ ಮೇಲೆ ಡಿಕ್ಕಿ ಬಾಗಿಲು ಪೂರ್ತಿ ತೆರೆಯುತ್ತಿಲ್ಲ. (ಮುಧೋಳ)

ಉತ್ತರ: ಪೆಟ್ಟಿಗೆ ಹಿಂದಕ್ಕೆ ಬಂದಿದೆ. ಬಾಗಿಲನ್ನು ನಿಧಾನಕ್ಕೆ ಪೂರ್ತಿ ಎತ್ತಿ ಹಿಡಿದು, ಎರಡರ ನಡುವೆ ನಾಲ್ಕು ಬೆರಳು ಉಳಿಯುವಷ್ಟು ಪೆಟ್ಟಿಗೆಯನ್ನು ಮುಂದಕ್ಕೆ ಸರಿಸಿ ಮತ್ತೆ ಬಿಗಿಯಿರಿ. ಹಾಗೆಯೇ ನೆಲದಿಂದ ಪೆಟ್ಟಿಗೆಯ ನೆತ್ತಿಯವರೆಗೆ ಟೇಪು ಹಿಡಿಯಿರಿ. 1.69 ಮೀಟರ್ ಎತ್ತರದ ಎರ್ಟಿಗಾಕ್ಕೆ 10 ಸೆಂ.ಮೀ. ಬಾರು, 40 ಸೆಂ.ಮೀ. ಪೆಟ್ಟಿಗೆ ಸೇರಿದರೆ 2.19 ಮೀಟರ್. ಲಾಡ್ಜಿನ ಬೇಸ್‌ಮೆಂಟ್ ಬಾಗಿಲಲ್ಲಿ ‘2.1 ಮೀ.’ ಎಂದು ಬರೆದಿದ್ದರೆ ಗಾಡಿ ಹೊರಗೇ ನಿಲ್ಲಬೇಕು. ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಎದುರಿಗೆ ಅಂಟಿಸಿ.