ನೀವು ಹೊಡೆದು ಹಾಕಿದ ಸಾಲು

ಆತ್ಮೀಯರೇ,

ನೀವು ಕಳಿಸಿದ ಬರಹ ಬಂದು ಮೂರು ವಾರ ಆಯ್ತು. ಹನ್ನೆರಡು ಹೆಸರಾಂತ ಆಲ್ಬಮ್‌ಗಳನ್ನು ಕೇಳಿ ನಿಮಗೆ ಅನ್ನಿಸಿದ್ದನ್ನು ಬರೆದಿದ್ದೀರಿ. ಜಾಝ್, ರಾಕ್, ರೆಗೆ, ಪಿಯಾನೊ, ಸಂತೂರ್ ಎಲ್ಲವೂ ಇದೆ. ಒಮ್ಮೆ ಸುಮ್ನೆ ಓದಿದೆ. ಆಮೇಲೆ ಆಲ್ಬಮ್‌ಗಳನ್ನು ಹಾಕಿಕೊಂಡು, ನೀವು ಹೇಳಿದ ಜಾಗ ಬಂದಾಗ ನಿಲ್ಲಿಸಿ ಮತ್ತೆ ಓದಿದೆ. ಅದಕ್ಕೇ ಉತ್ತರ ತಡವಾಯಿತು.

ಮೊದಲೇ ಹೇಳಿಬಿಡುತ್ತೇನೆ. ಇದನ್ನು ಇದ್ದ ಹಾಗೇ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಇದರೊಳಗೆ ನಾನು ಖಂಡಿತ ಪ್ರಕಟಿಸುವಂಥ ಒಂದು ಬರಹ ಇದೆ. ಅದು ನಿಮ್ಮ ಕಣ್ಣಿಗೆ ಬಿದ್ದ ಹಾಗಿಲ್ಲ. ಅದರ ಮುಖ್ಯ ಸಾಲನ್ನು ನೀವೇ ಪೆನ್ನಿನಿಂದ ಹೊಡೆದು ಹಾಕಿದ್ದೀರಿ.

ಬೇಡವಾದದ್ದನ್ನು ಬೇಗ ಮುಗಿಸುತ್ತೇನೆ. ಪ್ರತಿ ಆಲ್ಬಮ್‌ಗೂ ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟಿದ್ದೀರಿ. ಅವನ್ನು ತೆಗೆದುಬಿಡಿ. ಒಂಬತ್ತು ಅಂಕ ಪಡೆದದ್ದಕ್ಕೂ ಎಂಟು ಪಡೆದದ್ದಕ್ಕೂ ವ್ಯತ್ಯಾಸ ಏನು ಅಂತ ನಿಮ್ಮ ಬರಹದಲ್ಲಿ ಎಲ್ಲೂ ಇಲ್ಲ. 'ಅದ್ಭುತ' ಅನ್ನುವ ಪದ ಜಾಸ್ತಿ ಆಗಿದೆ. ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದೆ, 23 ಸಲ ಬಂತು. ಮೈಕಲ್ ಜಾಕ್ಸನ್‌ನ 1982ರ 'ಥ್ರಿಲ್ಲರ್' ಬಗ್ಗೆ ಬರೆದ ಒಂದೂವರೆ ಪುಟದಲ್ಲಿ ಎಷ್ಟು ಪ್ರತಿ ಮಾರಾಟವಾಯಿತು, ಎಷ್ಟು ಪ್ರಶಸ್ತಿ ಬಂತು ಅನ್ನುವುದೇ ಇದೆ. ನೀವು ಅದನ್ನು ಕೇಳಿದಿರಾ ಅನ್ನುವುದೇ ನನಗೆ ಗೊತ್ತಾಗಲಿಲ್ಲ.

'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಭಾಗದಲ್ಲೂ ಇದೇ ತೊಂದರೆ. 1973ರ ಆಲ್ಬಮ್, ಪಿಂಕ್ ಫ್ಲಾಯ್ಡ್ ತಂಡದ್ದು, 'ಮನಿ' ಹಾಡು ಏಳು ಎಣಿಕೆಯದ್ದು ಅಂತ ಬರೆದಿದ್ದೀರಿ. ಎಲ್ಲವೂ ಸರಿ. ಆದರೆ ಕೈಯಲ್ಲಿ ತಾಳ ಹಾಕಿ ನೋಡಿದ್ರಾ? ನಾನು ಹಾಕಿದೆ. ನಮ್ಮ ಮಿಶ್ರ ಚಾಪು ತಾಳಕ್ಕೆ ಕೈ ಪಳಗಿದ್ದರೆ ಏಳು ಕಷ್ಟವಿಲ್ಲ. ಸ್ಯಾಕ್ಸೊಫೋನ್ ಮುಗಿಯುವವರೆಗೂ ಕೈ ಸರಿಯಾಗಿಯೇ ಬಿತ್ತು. ಗಿಟಾರ್ ಶುರುವಾದ ಕೂಡಲೇ ತಪ್ಪಿತು, ಯಾಕೆಂದರೆ ಅಲ್ಲಿ ಹಾಡು ಏಳು ಬಿಟ್ಟು ನಾಲ್ಕಕ್ಕೆ ಬರುತ್ತದೆ. ಕೈ ತಪ್ಪಿದಾಗ ಎದೆಯಲ್ಲಿ ಏನೋ ಸಡಿಲವಾದ ಹಾಗಾಯಿತು. 'ಏಳು ಎಣಿಕೆ' ಅನ್ನುವುದು ಯಾರಿಗೆ ಬೇಕಾದರೂ ಸಿಗುವ ಮಾಹಿತಿ. ಆ ತಪ್ಪಿದ ಕೈ ನನ್ನದು. ನಿಮ್ಮ ಕೈಗೆ ಏನಾಯಿತು ಅಂತ ನನಗೆ ಓದಬೇಕು.

ಇನ್ನೊಂದು ಮಾತು. ಈ ಆಲ್ಬಮ್ಮನ್ನು ಫೋನಿನಲ್ಲಿ ಹಿಂದುಮುಂದಾಗಿ ಕೇಳಿದೆ ಅಂತ ಬರೆದಿದ್ದೀರಿ. ಇದನ್ನು ಹಾಗೆ ಕೇಳಬೇಡಿ. ಎದೆಬಡಿತದಿಂದ ಶುರುವಾಗಿ ಎದೆಬಡಿತದಲ್ಲೇ ಮುಗಿಯುತ್ತದೆ. ನಡುವೆ ಒಂದು ಹಾಡು ಇನ್ನೊಂದರೊಳಗೆ ಹರಿಯುತ್ತದೆ. ಆ ಕಾಲದ ಎಲ್‌ಪಿಯಲ್ಲಿ ಒಂದು ಬದಿಗೆ ಸುಮಾರು 20 ನಿಮಿಷ ಹಿಡಿಸುತ್ತಿತ್ತು. ಎದ್ದು ಹೋಗಿ ತಟ್ಟೆ ತಿರುಗಿಸಬೇಕಿತ್ತು. ಯಾವ ಹಾಡಿನ ನಂತರ ಯಾವುದು, ಬದಿ ಎಲ್ಲಿ ಮುಗಿಯಬೇಕು ಅಂತ ಯೋಚನೆ ಮಾಡಿಯೇ ಆಲ್ಬಮ್ ಕಟ್ಟುತ್ತಿದ್ದರು.

ಈಗ 'ಕಾಲ್ ಆಫ್ ದಿ ವ್ಯಾಲಿ'. 1967ರದ್ದು. ಶಿವಕುಮಾರ್ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು, ಬ್ರಿಜ್ ಭೂಷಣ್ ಕಾಬ್ರಾ ಅವರ ಗಿಟಾರ್. ಕಾಶ್ಮೀರದ ಒಬ್ಬ ಕುರಿಗಾಹಿಯ ಒಂದು ದಿನ ಅದರ ಕತೆ. ಬೆಳಗಿನ ಅಹಿರ್ ಭೈರವ ರಾಗದಿಂದ ಶುರುವಾಗಿ ಪಹಾಡಿ ರಾಗದಲ್ಲಿ ಮುಗಿಯುತ್ತದೆ. 'ನಾನೂ ಬೆಟ್ಟದವಳು, ಅದಕ್ಕೇ ಇದು ನನ್ನದು ಅನ್ನಿಸಿತು' ಅಂತ ಬರೆದಿದ್ದೀರಿ. ಈ ಸಾಲನ್ನು ನಾನು ಒಪ್ಪಲಿಲ್ಲ. ಕೊಡಗಿನ ನಾಪೋಕ್ಲಿನ ಬೆಟ್ಟ ಬೇರೆ, ಕಾಶ್ಮೀರದ ಕಣಿವೆ ಬೇರೆ. ಊರಿನ ಹೆಸರು ತಂದ ಮಾತ್ರಕ್ಕೆ ಬರಹ ನಮ್ಮದಾಗುವುದಿಲ್ಲ. ಸಂತೂರಿನ ತಂತಿಯನ್ನು ಕೋಲಿನಿಂದ ಬಡಿದರೆ ದನಿ ಹುಟ್ಟಿದ ಕ್ಷಣದಿಂದಲೇ ಸಾಯುತ್ತಾ ಹೋಗುತ್ತದೆ. ಅದನ್ನು ಉಳಿಸಿಕೊಳ್ಳಲು ಮತ್ತೆ ಮತ್ತೆ ಬಡಿಯಬೇಕು. ಕೊಳಲು ಅದೇ ಸ್ವರವನ್ನು ಒಂದೇ ಉಸಿರಿನಲ್ಲಿ ಹಿಡಿದು ನಿಲ್ಲಿಸುತ್ತದೆ. ಎರಡೂ ಒಂದರ ನಂತರ ಒಂದು ಬರುವ ಕಡೆ ಕಿವಿಯಿಟ್ಟು ಕೇಳಿ. ಬೆಟ್ಟಕ್ಕಿಂತ ಜಾಸ್ತಿ ಸಿಗುತ್ತದೆ.

ಗ್ಲೆನ್ ಗೌಲ್ಡ್ ಪಿಯಾನೊದಲ್ಲಿ ನುಡಿಸಿದ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಬಗ್ಗೆ ಮೂರೇ ಸಾಲು ಬರೆದಿದ್ದೀರಿ. ಕೊನೆಯದು, 'ಕೇಳ್ತಾ ನಿದ್ದೆ ಬಂತು, ಕ್ಷಮಿಸಿ.' ಕ್ಷಮೆ ಯಾಕೆ? ಇಡೀ ಬರಹದಲ್ಲಿ ನಾನು ಪೂರ್ತಿ ನಂಬಿದ ಸಾಲುಗಳಲ್ಲಿ ಇದೂ ಒಂದು. ನಿದ್ದೆ ಬಾರದ ಒಬ್ಬ ಶ್ರೀಮಂತನಿಗಾಗಿ ರಾತ್ರಿ ನುಡಿಸಲೆಂದೇ ಬಾಖ್ ಇದನ್ನು ಬರೆದ ಅಂತ ಒಂದು ಹಳೆಯ ಕತೆ ಇದೆ. ಇತಿಹಾಸ ಬಲ್ಲವರು ಆ ಕತೆಯನ್ನು ಪೂರ್ತಿ ನಂಬುವುದಿಲ್ಲ. ಆದರೂ ನಿಮ್ಮ ನಿದ್ದೆಗೆ ಅಲ್ಲೊಂದು ಜಾಗ ಇದೆ ಅಲ್ವಾ? ಯಾವ ಧ್ವನಿಮುದ್ರಣ ಕೇಳಿದಿರಿ ಅಂತ ಮಾತ್ರ ಹೇಳಬೇಕಿತ್ತು. ಗೌಲ್ಡ್ ಇದನ್ನು ಸ್ಟುಡಿಯೋದಲ್ಲಿ 1955ರಲ್ಲಿ ಒಮ್ಮೆ, 1981ರಲ್ಲಿ ಇನ್ನೊಮ್ಮೆ ಮುದ್ರಿಸಿದ. ಮೊದಲನೆಯದು ಸುಮಾರು 38 ನಿಮಿಷ, ಎರಡನೆಯದು 51. ಮೊದಲನೆಯದು ಓಡುತ್ತದೆ. ನಿಮಗೆ ನಿದ್ದೆ ಬಂದದ್ದು ಎರಡನೆಯದಕ್ಕೆ ಇರಬೇಕು ಅಂತ ನನ್ನ ಊಹೆ.

ಈಗ ಹದಿನಾಲ್ಕನೇ ಪುಟಕ್ಕೆ ಬರುತ್ತೇನೆ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ ಜಾಝ್ ಆಲ್ಬಮ್ 'ಕೈಂಡ್ ಆಫ್ ಬ್ಲೂ', 1959. ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆ. ನಾಲ್ಕು ದಿನದಿಂದ ಕರೆಂಟ್ ಇಲ್ಲ. ಮಿಲಿಟರಿಯಲ್ಲಿದ್ದ ಮಾವ 1986ರಲ್ಲಿ ರಜೆಗೆ ಬಂದಾಗ ತಂದ ಕ್ಯಾಸೆಟ್. ಕಾಫಿ ಗೋದಾಮಿನ ಮೂಲೆಯಲ್ಲಿ, ಖಾಲಿ ಗೋಣಿಚೀಲಗಳ ಮೇಲೆ ಕೂತು, ಸೆಲ್ ಹಾಕಿದ ಟೇಪ್ ರೆಕಾರ್ಡರಿನಲ್ಲಿ ಕೇಳುತ್ತಿದ್ದೀರಿ. ಶೀಟಿನ ಮೇಲೆ ಮಳೆ ಹೊಯ್ಯುವಾಗ ಟ್ರಂಪೆಟ್ ಮಾತ್ರ ಕೇಳುತ್ತದೆ. ಮಳೆ ಒಂಚೂರು ಬಿಟ್ಟಾಗ ಅಡಿಯಿಂದ ಬಾಸ್ ಎದ್ದು ಬರುತ್ತದೆ. 'ಅದು ಅಷ್ಟು ಹೊತ್ತೂ ಅಲ್ಲೇ ನಡೆಯುತ್ತಿತ್ತು ಅಂತ ಆಗ ಗೊತ್ತಾಯಿತು' ಅಂತ ಬರೆದಿದ್ದೀರಿ. ಈ ಸಾಲು ಓದಿ ನಾನು ಹಾಳೆ ಕೆಳಗಿಟ್ಟೆ. ಸ್ವಲ್ಪ ಹೊತ್ತು ಮುಂದೆ ಓದಲು ಮನಸ್ಸಾಗಲಿಲ್ಲ.

ಅದರ ಕೆಳಗೇ ಹೊಡೆದು ಹಾಕಿದ ಸಾಲು ಇದೆ. ಎರಡು ಗೆರೆ ಎಳೆದಿದ್ದೀರಿ. ದೀಪಕ್ಕೆ ಹಿಡಿದು ಓದಿದೆ. ಮೊದಲ ಹಾಡು 'ಸೋ ವಾಟ್' ಬಗ್ಗೆ ಬರೆದದ್ದು: 'ಹುತ್ತರಿಗೆ ದುಡಿ ಹಿಡಿದು ಬರುವವರ ಹಾಗೆ, ಇಬ್ಬರು ಹೇಳುತ್ತಾರೆ, ಇಬ್ಬರು ತಿರುಗಿ ಹೇಳುತ್ತಾರೆ.'

ಯಾಕೆ ಹೊಡೆದಿರಿ? ಆ ಹಾಡಿನಲ್ಲಿ ಆಗುವುದು ಅದೇ. ಪಾಲ್ ಚೇಂಬರ್ಸ್‌ನ ಬಾಸ್ ಒಂದು ಮಾತು ಹೇಳುತ್ತದೆ. ಎರಡೇ ಪೆಟ್ಟಿನಲ್ಲಿ ಉತ್ತರ ಬರುತ್ತದೆ, ಮೊದಲು ಪಿಯಾನೊದಿಂದ, ಆಮೇಲೆ ಊದುವ ವಾದ್ಯಗಳೂ ಸೇರಿಕೊಳ್ಳುತ್ತವೆ. ಹುತ್ತರಿ ಸುಗ್ಗಿಹಬ್ಬದಲ್ಲಿ ದುಡಿ ಅನ್ನುವ ಪುಟ್ಟ ಚರ್ಮವಾದ್ಯ ನುಡಿಸುತ್ತಾ ಕೊಡವರು ಹಾಡುವ ಬಾಳೋ ಪಾಟ್ ಕೇಳಿ ಬೆಳೆದ ಕಿವಿ ಅದನ್ನು ತಾನಾಗಿಯೇ ಗುರುತಿಸಿದೆ. ಬೆಟ್ಟದ ಸಾಲಿನ ಹಾಗೆ ಬೇಕು ಅಂತ ತಂದದ್ದಲ್ಲ ಇದು, ಕೇಳುವಾಗ ಬಂದದ್ದು. ಇದನ್ನು ಹೊಡೆದು, ಅದರ ಜಾಗದಲ್ಲಿ 'ಮೋಡಲ್ ಜಾಝ್' ಅಂದರೇನು ಅಂತ ಎಲ್ಲಿಂದಲೋ ತಂದ ನಾಲ್ಕು ಸಾಲು ಹಾಕಿದ್ದೀರಿ. ಅದನ್ನು ಹೇಳಲೇಬೇಕು ಅಂದರೆ ನಮ್ಮ ಮಾತಲ್ಲೇ ಹೇಳಬಹುದು. 16 ಬಾರ್, ಅಂದರೆ ತಾಳದ 16 ಆವರ್ತ, ಒಂದೇ ಸ್ವರಗಳ ಮೇಲೆ ಇರುತ್ತಾರೆ. ಆಮೇಲೆ 8 ಬಾರ್ ಶ್ರುತಿಯೇ ಅರ್ಧ ಸ್ವರ ಮೇಲಕ್ಕೆ ಜರುಗಿದ ಹಾಗೆ. ಮತ್ತೆ 8 ಬಾರ್ ಮೊದಲಿನ ಜಾಗಕ್ಕೆ. ಅಷ್ಟೇ. ರಾಗ ಕೇಳಿ ಗೊತ್ತಿರುವ ಓದುಗರಿಗೆ ಕೂಡಲೇ ತಿಳಿಯುತ್ತದೆ.

ಅದೇ ಪುಟದ ಕೊನೆಗೆ ಇನ್ನೊಂದು ಕ್ಷಮೆ ಇದೆ. ಕ್ಯಾಸೆಟ್‌ನಲ್ಲಿ ಹಾಡಿನ ಶ್ರುತಿ ಸ್ವಲ್ಪ ಏರಿದ ಹಾಗಿತ್ತು, ಫೋನಿನಲ್ಲಿ ಕೇಳಿದರೆ ಒಂಚೂರು ತಗ್ಗಿದೆ, 'ನನ್ನ ಭ್ರಮೆ ಇರಬೇಕು, ನನಗೆ ಸಂಗೀತ ಗೊತ್ತಿಲ್ಲ' ಅಂತ.

ಭ್ರಮೆ ಅಲ್ಲದೆಯೂ ಇರಬಹುದು. ಈ ಆಲ್ಬಮ್ ಒಂದೇ ದಿನದಲ್ಲಿ ಆಯಿತು ಅಂತ ಬರೆದಿದ್ದೀರಿ, ಅದನ್ನು ತಿದ್ದಿಕೊಳ್ಳಿ. ಎರಡು ದಿನ ಆಯಿತು, 1959ರ ಮಾರ್ಚ್ 2 ಮತ್ತು ಏಪ್ರಿಲ್ 22. ಮಾರ್ಚ್ 2ರಂದು ಮುಖ್ಯ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡಿತು. ಹಾಗೆ ತುಂಬಿದ ಟೇಪನ್ನು ಸರಿಯಾದ ವೇಗದಲ್ಲಿ ಹಾಕಿದರೆ ದನಿ ಏರುತ್ತದೆ. ಅವತ್ತು ನುಡಿಸಿದ ಮೂರು ಹಾಡುಗಳೇ ಎಲ್‌ಪಿಯ ಮೊದಲ ಬದಿ. ಮೂವತ್ತಕ್ಕೂ ಹೆಚ್ಚು ವರ್ಷ ಜನ ಅದನ್ನು ಒಂಚೂರು ಏರಿದ ಶ್ರುತಿಯಲ್ಲೇ ಕೇಳಿದರು. 1992ರ ಮರುಮುದ್ರಣದಲ್ಲಿ ಸರಿ ಮಾಡಿದರು. ನಿಮ್ಮ ಮಾವನ ಕ್ಯಾಸೆಟ್ 1986ರದ್ದು. ಫೋನಿನಲ್ಲಿ ನೀವು ಕೇಳಿದ್ದು ತಿದ್ದಿದ್ದು ಇರಬೇಕು. ಟೇಪ್ ರೆಕಾರ್ಡರಿನ ತಪ್ಪು ಅಂತಲೂ ಹೇಳಬಹುದು. ಆದರೆ ಸೆಲ್ ಸೋತರೆ ದನಿ ಇಳಿಯುತ್ತದೆ, ಏರುವುದಿಲ್ಲ. ನಾಲ್ಕು ದಿನ ಕರೆಂಟಿಲ್ಲದ ಮನೆಯಲ್ಲಿ ಸೆಲ್ ಹೊಸದಾಗಿಯಂತೂ ಇರಲಿಲ್ಲ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಹನ್ನೆರಡರಲ್ಲಿ ಹನ್ನೊಂದನ್ನು ಬದಿಗಿಡಿ. ಆಮೇಲೆ ಒಂದೊಂದಾಗಿ ಬರೆಯಬಹುದು. (ಆಗ ಒಂದು ಕನ್ನಡ ಕ್ಯಾಸೆಟ್ಟೂ ಇರಲಿ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 1978ರ 'ನಿತ್ಯೋತ್ಸವ' ನಿಮ್ಮ ಪಟ್ಟಿಯಲ್ಲಿ ಇಲ್ಲದ್ದು ನನಗೆ ನಿಜವಾಗಿ ಬೇಸರ ತಂದಿತು.) ಈಗ 'ಕೈಂಡ್ ಆಫ್ ಬ್ಲೂ' ಒಂದನ್ನೇ ಬರೆಯಿರಿ. ಹೊಸ ಸೆಲ್ ಹಾಕಿ, ಕ್ಯಾಸೆಟ್ಟನ್ನೂ ಫೋನನ್ನೂ ಪಕ್ಕಪಕ್ಕ ಇಟ್ಟು ಮೊದಲು 'ಸೋ ವಾಟ್', ಆಮೇಲೆ 'ಆಲ್ ಬ್ಲೂಸ್' ಕೇಳಿ. 'ಆಲ್ ಬ್ಲೂಸ್' ಏಪ್ರಿಲ್‌ನಲ್ಲಿ ನುಡಿಸಿದ್ದು, ಅದರ ಶ್ರುತಿ ಸರಿಯಿದೆ. ಅದೂ ಏರಿದ್ದರೆ ನಿಮ್ಮ ಟೇಪ್ ರೆಕಾರ್ಡರೇ ವೇಗವಾಗಿ ಓಡುತ್ತಿದೆ. 'ಸೋ ವಾಟ್' ಮಾತ್ರ ಏರಿದ್ದರೆ, ಗೋಣಿಚೀಲದ ಮೇಲೆ ಕೂತು ನೀವು ಕೇಳಿದ್ದು ಸರಿ. ಎರಡರಲ್ಲಿ ಯಾವುದಾದರೂ ಹಾಗೇ ಬರೆಯಿರಿ. ಹೊಡೆದು ಹಾಕಿದ ಸಾಲನ್ನು ವಾಪಸ್ ಸೇರಿಸಿ. ಕ್ಷಮೆ ಕೇಳಿದ ಸಾಲುಗಳನ್ನು ತೆಗೆಯಿರಿ.

ಹುತ್ತರಿ ಸಂಚಿಕೆಗೆ ನಾಲ್ಕು ಪುಟ ನಿಮಗಾಗಿ ಇಟ್ಟಿರುತ್ತೇನೆ. ಮಡಿಕೇರಿಯಲ್ಲಿ ಮಳೆ ಇನ್ನೂ ಬಿಟ್ಟಿಲ್ಲ, ನಿಮ್ಮ ಕಡೆಯೂ ಹಾಗೇ ಇರಬೇಕು. ಕ್ಯಾಸೆಟ್ ತೇವ ಆಗಿದ್ದರೆ ಹಾಗೇ ಹಾಕಬೇಡಿ, ಟೇಪ್ ಸಿಕ್ಕಿಕೊಳ್ಳುತ್ತದೆ. ನಮ್ಮ ಅಮ್ಮ ಮಳೆಗಾಲದಲ್ಲಿ ಕ್ಯಾಸೆಟ್‌ಗಳನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬದಲ್ಲಿ ಇಡುತ್ತಿದ್ದರು. ಎರಡು ದಿನ ಹಾಗೆ ಇಟ್ಟು, ಆಮೇಲೆ ಹಾಕಿ.

ಪ್ರೀತಿಯಿಂದ,
ಸಂಪಾದಕ