ಎಕ್ಸ್‌ರೇಯಲ್ಲಿ ಗೆರೆ ಇನ್ನೂ ಕಾಣುತ್ತಿದೆ, ಸ್ಪ್ಲಿಂಟ್ ಬಿಚ್ಚಲೋ ಬೇಡವೋ?

ಬೆರಳಿನ ಮೂಳೆ ಮುರಿದು ಮೂರು ವಾರವಾಗಿದೆ, ಡಾಕ್ಟರು ಸ್ಪ್ಲಿಂಟ್ (ಬೆರಳು ಅಲ್ಲಾಡದಂತೆ ಕಟ್ಟುವ ಪಟ್ಟಿ) ಬಿಚ್ಚಿ ಬೆರಳು ಆಡಿಸಿ ಅಂದಿದ್ದಾರೆ, ಆದರೆ ಎಕ್ಸ್‌ರೇಯಲ್ಲಿ ಮುರಿದ ಗೆರೆ ಹಾಗೇ ಇದೆ, ಇನ್ನೆರಡು ವಾರ ಕಟ್ಟಿಕೊಂಡೇ ಇರಲೇ ಎಂದು ಕೇಳಿದ್ದೀರಿ. ಬೇಡ. ನಾನು ಮಾಡಿದ್ದು ಇದನ್ನೇ.

ನನ್ನದು ಬಲಗೈ ಉಂಗುರ ಬೆರಳು. ಒದ್ದೆ ಮೆಟ್ಟಿಲ ಮೇಲೆ ಜಾರಿ ಕೈಯೂರಿ ಬಿದ್ದೆ, ಬೆರಳಿನ ಬುಡದ ಮೂಳೆ ಓರೆಯಾಗಿ ಸೀಳಿತ್ತು. ಡಾಕ್ಟರು ಮೊದಲು ಬೆರಳುಗಳನ್ನು ಮೆಲ್ಲಗೆ ಮಡಚಿಸಿ ನೋಡಿದರು. ಮಡಚಿದಾಗ ಎಲ್ಲ ಬೆರಳೂ ಹೆಬ್ಬೆರಳಿನ ಬುಡದತ್ತ ಬಾಗಬೇಕು. ಒಂದರ ಮೇಲೊಂದು ಹತ್ತಿದರೆ ಮೂಳೆ ತಿರುಚಿಕೊಂಡಿದೆ ಎಂದರ್ಥ, ಆಗ ಸಾಮಾನ್ಯವಾಗಿ ಸರಿಪಡಿಸಿ ತಂತಿ ಅಥವಾ ಸ್ಕ್ರೂ ಹಾಕಬೇಕಾಗುತ್ತದಂತೆ. ನನಗೆ ಹಾಗಾಗಿರಲಿಲ್ಲ. ಸ್ಪ್ಲಿಂಟ್ ಕಟ್ಟಿ ಕಳಿಸಿದರು.

ಮೂರು ವಾರದ ನಂತರ ಮುರಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ನೋವು ಹೆಚ್ಚೇನೂ ಇರಲಿಲ್ಲ. ಪಕ್ಕದ ಬೆರಳಿನ ಜೊತೆ ಟೇಪ್ ಸುತ್ತಿ, ಇವತ್ತಿನಿಂದಲೇ ಮಡಚಿ ಬಿಡಿಸಿ ಅಂದರು. ಮನೆಗೆ ಬಂದು ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಗೆರೆ ಎದ್ದು ಕಾಣುತ್ತಿತ್ತು. ಇದು ಕೂಡಿಯೇ ಇಲ್ಲ, ಆಡಿಸಿದರೆ ಮತ್ತೆ ಮುರಿಯುತ್ತದೆ ಎಂದು ಹೆದರಿ ಸ್ಪ್ಲಿಂಟನ್ನು ಮತ್ತೆ ಕಟ್ಟಿಕೊಂಡೆ. ಯಾರನ್ನೂ ಕೇಳಲಿಲ್ಲ. ಮುಂದಿನ ತಪಾಸಣೆಗೂ ಹೋಗಲಿಲ್ಲ. ಇನ್ನೂ ಮೂರು ವಾರ ಹಾಗೇ ಇದ್ದೆ.

ಈ ತಪ್ಪನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ನೀವೂ ಅದೇ ಗೆರೆಯನ್ನು ನೋಡಿಕೊಂಡು ಕೂತಿದ್ದೀರಿ. ಮುರಿದ ತುದಿಗಳನ್ನು ಮೊದಲು ಹಿಡಿದಿಡುವ ಹೊಸ ಮೂಳೆಯಲ್ಲಿ ಕ್ಯಾಲ್ಸಿಯಂ ಕಡಿಮೆ, ಹಾಗಾಗಿ ಅದು ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ. ಬೆರಳಿನ ಮೂಳೆ ಆಡಿಸುವಷ್ಟು ಗಟ್ಟಿಯಾದ ಮೇಲೂ ಗೆರೆ ತಿಂಗಳುಗಟ್ಟಲೆ ಉಳಿಯಬಹುದು. ಅದಕ್ಕೇ ಡಾಕ್ಟರು ಒತ್ತಿ ನೋಡುವುದು: ನೋವಿದೆಯಾ, ಅಲ್ಲಾಡುತ್ತಾ, ಎಕ್ಸ್‌ರೇಯಲ್ಲಿ ಮೂಳೆ ಜರುಗಿದೆಯಾ ಎಂದು. ನಾನು ಗೆರೆಯೊಂದನ್ನೇ ನೋಡಿದೆ.

ಅತ್ತ ಒಳಗೆ ಬೇರೆಯೇ ಕೆಲಸ ನಡೆಯುತ್ತಿತ್ತು. ಬೆರಳಿನಲ್ಲಿ ದಪ್ಪ ಮಾಂಸಖಂಡ ಇಲ್ಲ, ಬೆರಳನ್ನು ಎಳೆದು ಆಡಿಸುವ ಹುರಿಗಳು, ಅಂದರೆ ಟೆಂಡನ್‌ಗಳು, ಮೂಳೆಗೆ ತಾಗಿಕೊಂಡೇ ಜಾರುತ್ತವೆ. ಮುರಿದಾಗ ಸೋರಿದ ರಕ್ತ, ಊತದ ನೀರು ಎಲ್ಲ ಅಲ್ಲೇ ಇರುತ್ತದೆ. ಟೆಂಡನ್ ಜಾರದೆ ನಿಂತರೆ ಗಾಯ ಮಾಯುವಾಗ ಅದೂ ಮೂಳೆಗೆ ಅಂಟಿಕೊಳ್ಳುತ್ತದೆ. ನಡು ಗೆಣ್ಣನ್ನು ಸುತ್ತಲೂ ಹಿಡಿದಿಡುವ ನಾರುಗಳೂ ಕುಗ್ಗುತ್ತವೆ. ನಾನು ಮೂಳೆ ಕಾಯುತ್ತಿದ್ದೇನೆ ಅಂದುಕೊಂಡೆ, ಅಷ್ಟರಲ್ಲಿ ಗೆಣ್ಣು ಬಿಗಿದುಹೋಗಿತ್ತು.

ಆರನೇ ವಾರ ಬಿಚ್ಚಿದಾಗ ಬೆರಳು ಅರ್ಧ ಬಾಗಿದ ಕಡ್ಡಿಯಂತಿತ್ತು, ಚರ್ಮ ಹೊಳಪಾಗಿ ಅಲ್ಲಲ್ಲಿ ಸುಲಿಯುತ್ತಿತ್ತು. ಟವೆಲ್ ಹಿಂಡಲು ಹೋದರೆ ಕೈಯಿಂದ ಜಾರುತ್ತಿತ್ತು. ಫಿಸಿಯೋಥೆರಪಿಸ್ಟ್ ಮುಷ್ಟಿ ಕಟ್ಟಿಸಿ, ಬೆರಳ ತುದಿಗೂ ಅಂಗೈಗೂ ನಡುವೆ ಸ್ಕೇಲ್ ಇಟ್ಟರು: 4 ಸೆಂಟಿಮೀಟರ್. ಆ ಬೆರಳು ಮತ್ತೆ ಅಂಗೈ ಮುಟ್ಟಲು ಐದು ತಿಂಗಳು ಹಿಡಿಯಿತು.

ನೀವು ಕಟ್ಟಿಟ್ಟುಕೊಳ್ಳುವುದೇ ಸುರಕ್ಷಿತ ಅಂದುಕೊಂಡಿದ್ದೀರಿ. ಬೆರಳಿನ ಮಟ್ಟಿಗೆ ನಾನದನ್ನು ಒಪ್ಪುವುದಿಲ್ಲ. ಆಡಿಸಲು ಹೇಳಿದ ಮೇಲೂ ಕಟ್ಟಿಟ್ಟರೆ ಅದೇ ಅಪಾಯ. ಇನ್ನೊಬ್ಬ ಡಾಕ್ಟರಿಗೆ ತೋರಿಸಬೇಕು ಅನಿಸಿದರೆ ತೋರಿಸಿ, ಆದರೆ ಈ ವಾರವೇ ತೋರಿಸಿ. ಒಂದು ಮಾತು, ಇದನ್ನು ಓದಿದ ಬೇರೆಯವರು ತಮ್ಮ ಪ್ಲಾಸ್ಟರ್ ತಾವೇ ಕತ್ತರಿಸಿಕೊಳ್ಳಬೇಡಿ. ಮಣಿಕಟ್ಟಿನಿಂದ ಬೆರಳ ತುದಿಯವರೆಗೆ 27 ಮೂಳೆಗಳಿವೆ, ಎಲ್ಲಕ್ಕೂ ಒಂದೇ ಲೆಕ್ಕವಲ್ಲ. ಹೆಬ್ಬೆರಳಿನ ಬುಡದ ಹತ್ತಿರ ಮಣಿಕಟ್ಟಿನಲ್ಲಿರುವ ಸ್ಕ್ಯಾಫಾಯ್ಡ್ ಮೂಳೆಗೆ ರಕ್ತ ಹೆಚ್ಚಾಗಿ ಒಂದೇ ತುದಿಯಿಂದ ಬರುವುದರಿಂದ ಅದು ನಿಧಾನಕ್ಕೆ ಕೂಡುತ್ತದೆ, ಆರರಿಂದ ಹನ್ನೆರಡು ವಾರವೂ ಬೇಕಾಗಬಹುದು. ಅಲ್ಲಿ ಅವಸರ ಮಾಡಿದರೆ ಕೂಡದೇ ಹೋದೀತು.

ನಿಮ್ಮ ಬೆರಳಿಗೆ ಬರೋಣ. ನನಗೆ ಹೆಚ್ಚು ಉಪಯೋಗಕ್ಕೆ ಬಂದ ವ್ಯಾಯಾಮ ಇದು: ಎಡಗೈಯಿಂದ ಬೆರಳಿನ ಬುಡವನ್ನು ನೇರವಾಗಿ ಹಿಡಿದು ನಡು ಗೆಣ್ಣನ್ನು ಮಾತ್ರ ಬಾಗಿಸುವುದು, ಆಮೇಲೆ ಪೂರ್ತಿ ಬಿಡಿಸುವುದು. ಹತ್ತು ಸಲ, ದಿನಕ್ಕೆ ಐದಾರು ಬಾರಿ. ಬಿಸಿನೀರಲ್ಲಿ ಕೈ ಅದ್ದಿದ ಮೇಲೆ ಮಾಡಿದರೆ ಬೆಳಗಿನ ಬಿಗಿತ ಬೇಗ ಸಡಿಲವಾಗುತ್ತಿತ್ತು. ಎಲ್ಲರೂ ಕೊಡುವ ಮೆತ್ತನೆಯ ಚೆಂಡನ್ನು ಈಗಲೇ ಹಿಸುಕಬೇಡಿ. ಚೆಂಡು ಅಡ್ಡ ಇದ್ದರೆ ಬೆರಳು ಪೂರ್ತಿ ಮಡಚುವುದೇ ಇಲ್ಲ, ಮೇಲಾಗಿ ಬಲ ಹಾಕುವ ಕಾಲ ಇದಲ್ಲ. ಎಳೆದಂತಾಗುವ ನೋವು ಇದ್ದೇ ಇರುತ್ತದೆ, ಕೈ ಇಳಿಸಿದರೆ ಊತವೂ ಬರುತ್ತದೆ, ಹೆದರಬೇಡಿ. ಮುರಿದ ಜಾಗದಲ್ಲೇ ಚುಚ್ಚುವ ನೋವು ದಿನದಿಂದ ದಿನಕ್ಕೆ ಹೆಚ್ಚಾದರೆ, ಅಥವಾ ಬೆರಳು ಪಕ್ಕದ್ದರ ಮೇಲೆ ಹತ್ತತೊಡಗಿದರೆ ಮಾತ್ರ ತಕ್ಷಣ ಹೋಗಿ ತೋರಿಸಿ.

ನನ್ನ ಬೆರಳಿನ ನಡು ಗೆಣ್ಣು ಈಗಲೂ ಪೂರ್ತಿ ನೇರವಾಗುವುದಿಲ್ಲ, ಜೇಬಿಗೆ ಕೈ ಹಾಕುವಾಗ ಅದೊಂದೇ ಸಿಕ್ಕಿಕೊಳ್ಳುತ್ತದೆ. ನೀವಿನ್ನೂ ಮೂರನೇ ವಾರದಲ್ಲಿದ್ದೀರಿ. ಇವತ್ತು ಸ್ಪ್ಲಿಂಟ್ ಬಿಚ್ಚಿದ ಕೂಡಲೇ ಮುಷ್ಟಿ ಕಟ್ಟಿ, ಬೆರಳ ತುದಿಯಿಂದ ಅಂಗೈಗೆ ಎಷ್ಟು ದೂರ ಇದೆ ಎಂದು ಅಳೆದು ಬರೆದಿಡಿ. ಒಂದು ವಾರ ಬಿಟ್ಟು ಮತ್ತೆ ಅಳೆಯಿರಿ. ಅಳತೆ ಕಡಿಮೆಯಾಗದಿದ್ದರೆ ಆ ಚೀಟಿಯನ್ನೇ ಡಾಕ್ಟರಿಗೆ ತೋರಿಸಿ, ಫಿಸಿಯೋಥೆರಪಿಗೆ ಬರೆದುಕೊಡಿ ಎಂದು ಕೇಳಿ.